ಕೈಬರಹದ ಫಾಂಟ್ ಕೈಕೊಟ್ಟಾಗ: ಲಕ್ಷಣ ನೋಡಿ ದೋಷ ಹಿಡಿಯುವ ಕ್ರಮ

ನಾಮಕರಣದ ಕರೆಯೋಲೆ, ಅಂಗನವಾಡಿ ಗೋಡೆಯ ಚಾರ್ಟು, ಉಪ್ಪಿನಕಾಯಿ ಬಾಟಲಿಯ ಲೇಬಲ್ಲು. ಇಂಥ ಕೆಲಸಕ್ಕೆ ಕೈಯಲ್ಲೇ ಬರೆದಂತೆ ಕಾಣುವ, ಸಲಿಗೆಯ ಅಕ್ಷರ ಬೇಕಾಗುತ್ತದೆ. ಕನ್ನಡದಲ್ಲಿ ಅಂಥ ಫಾಂಟುಗಳು ಹೆಚ್ಚಿಲ್ಲ. ವೈಷ್ಣವಿ ಮೂರ್ತಿ ಮತ್ತು ಹುವಾನ್ ಲೂಯಿಸ್ ಬ್ಲಾಂಕೊ ರೂಪಿಸಿದ ‘ಅಕಾಯ ಕನಡಕ’ ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುತ್ತದೆ. ದುಂಡಗಿನ ‘ಬಲೂ ತಮ್ಮ 2’ ಕೂಡ ಅಲ್ಲೇ ಇದೆ. ಇವನ್ನು ಇಳಿಸಿಕೊಂಡವರು ಪದೇ ಪದೇ ಎದುರಿಸುವ ತೊಂದರೆಗಳನ್ನು, ಕಣ್ಣಿಗೆ ಬೀಳುವ ಲಕ್ಷಣದ ಪ್ರಕಾರ ಇಲ್ಲಿ ಜೋಡಿಸಿದೆ. ಖರ್ಚಿಲ್ಲದ ಪರೀಕ್ಷೆಗಳು ಮೊದಲು, ಫಾಂಟಿನ ಹೊಟ್ಟೆ ಬಗೆಯುವ ಕೆಲಸ ಕೊನೆಗೆ.

ಮೊದಲು ತಪ್ಪು ಯಾರದೆಂದು ಗೊತ್ತುಮಾಡಿಕೊಳ್ಳಿ

ಅಕ್ಷರ ಕೆಟ್ಟು ಕಂಡ ಕೂಡಲೇ ಎಲ್ಲರೂ ಫಾಂಟನ್ನು ಬೈಯುತ್ತಾರೆ. ಆದರೆ ದೋಷ ಇರುವ ಜಾಗ ಮೂರು: ಟೈಪಿಸಿದ ಪಠ್ಯ, ಬಳಸುತ್ತಿರುವ ತಂತ್ರಾಂಶ, ಫಾಂಟ್. ಯಾವುದೆಂದು ತಿಳಿಯಲು ಎರಡು ನಿಮಿಷ ಸಾಕು.

ಕೆಟ್ಟು ಕಾಣುವ ಪದವನ್ನು ಕಾಪಿ ಮಾಡಿ. ಅದೇ ತಂತ್ರಾಂಶದಲ್ಲಿ ಅದಕ್ಕೆ ‘ನೋಟೊ ಸಾನ್ಸ್ ಕನ್ನಡ’ ಎಂಬ ಸಾದಾ ಫಾಂಟ್ ಹಾಕಿ ನೋಡಿ. ಆಮೇಲೆ ಆ ಪದವನ್ನು ಬ್ರೌಸರಿನಲ್ಲಿ, ಗೂಗಲ್ ಫಾಂಟ್ಸ್‌ನ ಮಾದರಿ ಪೆಟ್ಟಿಗೆಯಲ್ಲಿ, ನಿಮ್ಮ ಕೈಬರಹದ ಫಾಂಟಿನಲ್ಲೇ ಅಂಟಿಸಿ ನೋಡಿ. ನೋಟೊದಲ್ಲೂ ಕೆಟ್ಟಿದ್ದು ಬ್ರೌಸರಿನಲ್ಲಿ ಸರಿ ಇದ್ದರೆ ತಪ್ಪು ತಂತ್ರಾಂಶದ್ದು. ನೋಟೊದಲ್ಲಿ ಸರಿ, ಕೈಬರಹದ ಫಾಂಟಿನಲ್ಲಿ ಎಲ್ಲ ಕಡೆಯೂ ತಪ್ಪು ಎಂದಾದರೆ ಫಾಂಟಿನದ್ದು. ಎಲ್ಲಿ ಹಾಕಿದರೂ ತಪ್ಪೇ ಬಂದರೆ ಟೈಪಿಸಿದ್ದೇ ತಪ್ಪು.

ಪರೀಕ್ಷೆಗೆ ‘ಕನ್ನಡ’ ಎಂಬ ಪದ ಸಾಲದು, ಅದು ಹೆಚ್ಚಿನ ಫಾಂಟುಗಳಲ್ಲಿ ಸರಿಯಾಗಿಯೇ ಬರುತ್ತದೆ. ಈ ಸಾಲನ್ನು ಒಂದು ಕಡತದಲ್ಲಿ ಇಟ್ಟುಕೊಳ್ಳಿ: ಲಕ್ಷ್ಮಿ, ಜ್ಞಾನ, ರಾಷ್ಟ್ರ, ಸ್ತ್ರೀ, ಜ್ಯೋತ್ಸ್ನೆ, ಕೃಷ್ಣ, ಸೂರ್ಯ, ರ‍್ಯಾಂಕ್, ಸಾಫ್ಟ್‌ವೇರ್, ಥಳುಕು, ಧಾನ್ಯ, ₹120. ‘ಜ್ಯೋತ್ಸ್ನೆ’ಯಲ್ಲಿ ತಕಾರದ ಕೆಳಗೆ ಸಕಾರದ ಒತ್ತು, ಅದರ ಜೊತೆಗೆ ನಕಾರದ ಒತ್ತು, ಮೇಲೆ ಏತ್ವ, ಇಷ್ಟೂ ಸೇರುತ್ತವೆ. ಇದನ್ನು ತಪ್ಪಿಲ್ಲದೆ ತೋರಿಸಿದ ಫಾಂಟು ದಿನಬಳಕೆಯ ಪದಗಳಲ್ಲಿ ಎಡವುವುದು ಅಪರೂಪ.

ಲಕ್ಷಣ: ಫಾಂಟ್ ಹಾಕಿದ್ದೇನೆ, ಪಟ್ಟಿಯಲ್ಲಿ ಹೆಸರೇ ಇಲ್ಲ

ತಂತ್ರಾಂಶವನ್ನು ಪೂರ್ತಿ ಮುಚ್ಚಿ ಮತ್ತೆ ತೆರೆಯಿರಿ. ಹಲವು ಡಿಸೈನ್ ತಂತ್ರಾಂಶಗಳು ಫಾಂಟ್ ಪಟ್ಟಿಯನ್ನು ತೆರೆಯುವಾಗ ಒಮ್ಮೆ ಮಾತ್ರ ಓದುತ್ತವೆ. ಆಗಲೂ ಕಾಣದಿದ್ದರೆ ಜಿಪ್ ಕಡತದ ಒಳಗಿನಿಂದಲೇ ಫಾಂಟ್ ತೆರೆದಿದ್ದೀರಾ ನೋಡಿ. ಹೊರಗೆ ಬಿಚ್ಚಿಟ್ಟು, ವಿಂಡೋಸ್‌ನಲ್ಲಾದರೆ ಬಲ ಕ್ಲಿಕ್ ಮಾಡಿ ‘ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್’ ಆರಿಸಿ. ಬರೀ ‘ಇನ್‌ಸ್ಟಾಲ್’ ಒತ್ತಿದರೆ ಫಾಂಟು ನಿಮ್ಮ ಖಾತೆಯ ಕಡತಕೋಶಕ್ಕಷ್ಟೇ ಹೋಗುತ್ತದೆ, ಹಳೆಯ ತಂತ್ರಾಂಶಗಳು ಅಲ್ಲಿ ಹುಡುಕುವುದಿಲ್ಲ.

ಫಾಂಟ್ ಕಡತ ಟಿಟಿಎಫ್ ಅಥವಾ ಓಟಿಎಫ್ ಆಗಿರಬೇಕು. ‘ಉಚಿತ ಫಾಂಟ್’ ಎಂದು ಇಳಿಸಿಕೊಂಡದ್ದು ಇಎಕ್ಸ್‌ಇ ಆಗಿದ್ದರೆ ತೆರೆಯಲೇಬೇಡಿ, ಅಳಿಸಿಬಿಡಿ. ಫಾಂಟು ಓಡಿಸುವ ಪ್ರೋಗ್ರಾಂ ಅಲ್ಲ, ಅದಕ್ಕೆ ಇಎಕ್ಸ್‌ಇ ಬೇಕಾಗಿಲ್ಲ.

ಲಕ್ಷಣ: ಡಬ್ಬಿ ಡಬ್ಬಿ ಕಾಣುತ್ತದೆ, ಅಥವಾ ಕನ್ನಡ ಮಾತ್ರ ಸಪ್ಪೆ ಅಕ್ಷರದಲ್ಲಿ ಬರುತ್ತದೆ

ಫಾಂಟಿನಲ್ಲಿ ಕನ್ನಡ ಅಕ್ಷರಗಳೇ ಇಲ್ಲ. ಕಾಮಿಕ್ ಸಾನ್ಸ್ ಆರಿಸಿ ಕನ್ನಡ ಟೈಪಿಸಿ ನೋಡಿ: ಇಂಗ್ಲಿಷ್ ಆ ಫಾಂಟಿನಲ್ಲಿ ಬರುತ್ತದೆ, ಕನ್ನಡವನ್ನು ವಿಂಡೋಸ್ ಸದ್ದಿಲ್ಲದೆ ‘ನಿರ್ಮಲಾ ಯುಐ’ ಅಥವಾ ಹಳೆಯ ‘ತುಂಗಾ’ದಿಂದ ತಂದು ತುಂಬುತ್ತದೆ. ಮೆನುವಿನಲ್ಲಿ ಕಾಮಿಕ್ ಸಾನ್ಸ್ ಎಂದೇ ಇರುವುದರಿಂದ ಗೊಂದಲವಾಗುತ್ತದೆ. ತುಂಬಿಕೊಡುವ ವ್ಯವಸ್ಥೆ ಇಲ್ಲದ ತಂತ್ರಾಂಶದಲ್ಲಿ ಬರುವುದು ಡಬ್ಬಿ. ಇದಕ್ಕೆ ರಿಪೇರಿ ಇಲ್ಲ, ಕನ್ನಡ ಇರುವ ಫಾಂಟನ್ನೇ ಆರಿಸಬೇಕು.

ಕನ್ನಡ ಇರುವ ಫಾಂಟ್ ಹಾಕಿದರೂ ವರ್ಡ್‌ನಲ್ಲಿ ಬದಲಾಗದಿದ್ದರೆ, ಪಠ್ಯ ಆರಿಸಿ ಕಂಟ್ರೋಲ್-ಡಿ ಒತ್ತಿ. ಅಲ್ಲಿ ಲ್ಯಾಟಿನ್‌ಗೆ ಒಂದು ಫಾಂಟ್, ‘ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್’ಗೆ ಇನ್ನೊಂದು ಫಾಂಟ್ ಇರುತ್ತದೆ. ಕನ್ನಡ ಎರಡನೆಯದಕ್ಕೆ ಸೇರಿದ್ದು. ಗಾತ್ರವನ್ನೂ ಅಲ್ಲೇ ಬೇರೆಯಾಗಿ ಕೊಡಬೇಕು.

ರೂಪಾಯಿ ಚಿಹ್ನೆ ಒಂದೇ ಬೇರೆ ಥರ ಕಂಡರೆ ಗಾಬರಿ ಬೇಡ. ₹ ಚಾಲ್ತಿಗೆ ಬಂದದ್ದು 2010ರಲ್ಲಿ, ಅದಕ್ಕೂ ಹಿಂದಿನ ಫಾಂಟುಗಳಲ್ಲಿ ಅದು ಇರುವುದಿಲ್ಲ. ‘ರೂ.’ ಎಂದು ಬರೆದರೆ ಮುಗಿಯಿತು.

ಲಕ್ಷಣ: ಕನ್ನಡದ ಜಾಗದಲ್ಲಿ ಪೌಂಡ್ ಚಿಹ್ನೆ, ತಲೆಯ ಮೇಲೆ ಗೆರೆಯಿರುವ ಇಂಗ್ಲಿಷ್ ‘ಎ’

ಪಠ್ಯ ಯೂನಿಕೋಡ್ (ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತವಿರುವ ವ್ಯವಸ್ಥೆ) ಅಲ್ಲ, ನುಡಿ ಅಥವಾ ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಆಸ್ಕಿ ಪಠ್ಯ, ಅಂದರೆ ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೆ ಕನ್ನಡದ ಚಿತ್ರ ತೊಡಿಸಿದ್ದು. ನುಡಿ ಆಸ್ಕಿಯಲ್ಲಿ ‘ಕನ್ನಡ’ ಎಂದು ಟೈಪಿಸಿದ್ದಕ್ಕೆ ಬೇರೆ ಫಾಂಟ್ ಹಾಕಿದರೆ ಇಂಗ್ಲಿಷ್ ಪಿ, ಗೆರೆ ಹೊತ್ತ ಎ, ನಕಾರದ ಜಾಗದಲ್ಲಿ ಪೌಂಡ್ ಚಿಹ್ನೆ, ಹೀಗೆ ಸಾಲುಗಟ್ಟುತ್ತವೆ. ಅಲ್ಲಿ ಕನ್ನಡವೆಂಬುದು ಇದ್ದದ್ದು ಆ ಫಾಂಟಿನ ಚಿತ್ರದಲ್ಲಿ ಮಾತ್ರ, ಪಠ್ಯದಲ್ಲಿ ಅಲ್ಲ. ನಮ್ಮ ಊರುಗಳ ಮುದ್ರಣಾಲಯಗಳಲ್ಲಿ ಇವತ್ತಿಗೂ ಬಹಳಷ್ಟು ಕೆಲಸ ಆಸ್ಕಿಯಲ್ಲೇ ನಡೆಯುವುದರಿಂದ ಈ ತೊಂದರೆ ಬೇಗ ಹೋಗುವುದಿಲ್ಲ.

ಮೂಲ ಕಡತದ ಒಂದು ಪ್ರತಿ ತೆಗೆದಿಟ್ಟು, ನಂತರ ಪರಿವರ್ತಕಕ್ಕೆ ಹಾಕಿ. ನುಡಿ, ಬರಹ ಎರಡರಲ್ಲೂ ಪರಿವರ್ತಕಗಳಿವೆ. ಶ್ರೀಲಿಪಿ ಎಂಬ ಇನ್ನೊಂದು ತಂತ್ರಾಂಶದ ಸಂಕೇತ ವ್ಯವಸ್ಥೆ ಬೇರೆ, ಅದನ್ನು ನುಡಿಯ ಪರಿವರ್ತಕಕ್ಕೆ ಕೊಟ್ಟರೆ ಇನ್ನಷ್ಟು ಕಲಸುಮೇಲೋಗರವಾಗುತ್ತದೆ. ಮೂಲ ಯಾವುದರಲ್ಲಿ ಟೈಪಾಗಿದೆ ಎಂದು ಕೇಳಿ ತಿಳಿದುಕೊಳ್ಳಿ.

ಪರಿವರ್ತನೆಯಾದ ಮೇಲೆ ಅರ್ಕಾವತ್ತು ಇರುವ ಪದಗಳನ್ನೆಲ್ಲ ಒಂದೊಂದಾಗಿ ಓದಿ. ಆಸ್ಕಿಯಲ್ಲಿ ‘ಸೂರ್ಯ’ದ ಅರ್ಕಾವತ್ತು ಯಕಾರದ ನಂತರ ಕೂರುತ್ತದೆ, ಯೂನಿಕೋಡಿನಲ್ಲಿ ರಕಾರವಾಗಿ ಮೊದಲೇ ಬರಬೇಕು. ಹಿಂದುಮುಂದು ಮಾಡುವ ಈ ಹೆಜ್ಜೆಯಲ್ಲೇ ಪರಿವರ್ತಕಗಳು ಹೆಚ್ಚು ತಪ್ಪುತ್ತವೆ. ಮದುವೆ ಪತ್ರಿಕೆಯಾದರೆ ಹೆಸರುಗಳನ್ನು ಮನೆಯವರಿಂದಲೇ ಓದಿಸಿ.

ಲಕ್ಷಣ: ಒತ್ತಕ್ಷರ ಒಡೆದು ಬಿಡಿಬಿಡಿಯಾಗಿದೆ

‘ಅಕ್ಕ’ ಎಂಬುದು ಅ, ಕ್, ಕ ಎಂದು ಬಿಡಿಸಿಕೊಂಡು ನಿಂತಿದೆ, ‘ಕಿ’ ಎಂದರೆ ಕಕಾರದ ಪಕ್ಕ ಗುಡಿಸು ಬೇರೆಯಾಗಿ ತೂಗುತ್ತಿದೆ. ಅತಿ ಹೆಚ್ಚು ಜನ ಅನುಭವಿಸುವ ತೊಂದರೆ ಇದು, ಮತ್ತು ಹೆಚ್ಚಿನ ಸಲ ಫಾಂಟು ನಿರಪರಾಧಿ. ಯೂನಿಕೋಡ್ ಪಠ್ಯದಲ್ಲಿ ‘ಕ್ಕ’ ಎಂದರೆ ಕ, ಹಲಂತ, ಕ ಎಂಬ ಮೂರು ಸಂಕೇತಗಳು. ಇವನ್ನು ನೋಡಿ ‘ಎರಡನೆಯದನ್ನು ಒತ್ತು ಮಾಡು’ ಎಂದು ಫಾಂಟಿಗೆ ಹೇಳಬೇಕಾದದ್ದು ತಂತ್ರಾಂಶದ ಒಳಗಿನ ಶೇಪಿಂಗ್ ಎಂಜಿನ್. ಅದು ಮಲಗಿದ್ದರೆ ಎಂಥ ಒಳ್ಳೆಯ ಫಾಂಟೂ ಬಿಡಿ ಅಕ್ಷರಗಳನ್ನೇ ಕೊಡುತ್ತದೆ.

ಎಬ್ಬಿಸುವ ಬಗೆ ಒಂದೊಂದು ತಂತ್ರಾಂಶದಲ್ಲಿ ಒಂದೊಂದು. ಫೋಟೋಶಾಪ್‌ನ 2021ರವರೆಗಿನ ಆವೃತ್ತಿಗಳಲ್ಲಿ ಎಡಿಟ್, ಪ್ರಿಫರೆನ್ಸಸ್, ಟೈಪ್ ಎಂದು ಹೋಗಿ ‘ವರ್ಲ್ಡ್-ರೆಡಿ ಲೇಔಟ್’ ಆರಿಸಿ, ಇನ್ನೂ ಹಳೆಯ ಆವೃತ್ತಿಯಲ್ಲಿ ಇದರ ಹೆಸರು ‘ಮಿಡ್ಲ್ ಈಸ್ಟರ್ನ್ ಆಂಡ್ ಸೌತ್ ಏಷ್ಯನ್’. ಆಮೇಲೆ ಹೊಸ ಕಡತ ತೆರೆದು ಪದವನ್ನು ಅಂಟಿಸಿ ನೋಡಿ. ಮೊದಲೇ ಟೈಪಿಸಿದ ಪದರ ಹಳೆಯ ವ್ಯವಸ್ಥೆಗೇ ಅಂಟಿಕೊಂಡಿದ್ದರೆ ಪ್ಯಾರಾಗ್ರಾಫ್ ಫಲಕದ ಮೆನುವಿನಿಂದ ಬದಲಿಸಿ. ಇಲಸ್ಟ್ರೇಟರ್‌ನಲ್ಲಿ ಪ್ರಿಫರೆನ್ಸಸ್‌ನ ಟೈಪ್ ಪುಟದಲ್ಲಿ ‘ಶೋ ಇಂಡಿಕ್ ಆಪ್ಷನ್ಸ್’ಗೆ ಗುರುತು ಹಾಕಿ, ಬಳಿಕ ಪ್ಯಾರಾಗ್ರಾಫ್ ಫಲಕದಲ್ಲಿ ಸೌತ್ ಏಷ್ಯನ್ ಕಂಪೋಸರ್ ಆರಿಸಿ. ಇನ್‌ಡಿಸೈನ್‌ನಲ್ಲಿ ಅದೇ ಫಲಕದ ಮೆನುವಿನಲ್ಲಿ ‘ಅಡೋಬಿ ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್’ ಇದೆ. ಇನ್‌ಡಿಸೈನ್‌ನಲ್ಲಿ ಇದನ್ನು ಪ್ಯಾರಾಗ್ರಾಫ್ ಸ್ಟೈಲಿಗೇ ಸೇರಿಸಿ, ಇಲ್ಲದಿದ್ದರೆ ಹೊಸ ಪುಟದಲ್ಲಿ ಮತ್ತೆ ಒಡೆಯುತ್ತದೆ.

ಕೋರೆಲ್‌ಡ್ರಾದ ಹಳೆಯ ಆವೃತ್ತಿಗಳಿಗೆ ಯೂನಿಕೋಡ್ ಕನ್ನಡ ಒಗ್ಗುವುದಿಲ್ಲ. ಅಲ್ಲಿ ಗುದ್ದಾಡಿ ಪ್ರಯೋಜನವಿಲ್ಲ. ಉಚಿತವಾದ ಇಂಕ್‌ಸ್ಕೇಪ್‌ನಲ್ಲಿ ಪದ ಟೈಪಿಸಿ, ‘ಆಬ್ಜೆಕ್ಟ್ ಟು ಪಾತ್’ ಮಾಡಿ, ಎಸ್‌ವಿಜಿ ಅಥವಾ ಪಿಡಿಎಫ್ ಆಗಿ ಉಳಿಸಿ ಕೋರೆಲ್‌ಗೆ ತನ್ನಿ. ಆಗ ಅದು ಚಿತ್ರ, ಒಡೆಯುವ ಮಾತೇ ಇಲ್ಲ. ಇಂಕ್‌ಸ್ಕೇಪ್, ಗಿಂಪ್, ಲಿಬ್ರೆಆಫೀಸ್ ಮೂರೂ ಯಾವ ಸೆಟ್ಟಿಂಗೂ ಮುಟ್ಟದೆ ಕನ್ನಡವನ್ನು ಸರಿಯಾಗಿ ತೋರಿಸುತ್ತವೆ.

ಒಂದು ಚಿಕ್ಕ ಗುಟ್ಟು: ಒತ್ತುಗಳು ಇದ್ದರೂ ಅಕ್ಷರದಿಂದ ದೂರ ಸರಿದಿದ್ದರೆ ಟ್ರ್ಯಾಕಿಂಗ್, ಅಂದರೆ ಅಕ್ಷರಗಳ ನಡುವಿನ ಅಂತರ ನೋಡಿ. ಇಂಗ್ಲಿಷ್ ಶೀರ್ಷಿಕೆಗೆ ಕೊಟ್ಟ 50ರ ಅಂತರ ಕನ್ನಡಕ್ಕೂ ಅಂಟಿ, ಒತ್ತನ್ನೂ ದೀರ್ಘವನ್ನೂ ಅಕ್ಷರದಿಂದ ಎಳೆದುಬಿಡುತ್ತದೆ. ಅದನ್ನು ಸೊನ್ನೆ ಮಾಡಿ.

ಲಕ್ಷಣ: ‘ರ‍್ಯಾಂಕ್’ ಎಂದು ಬೇಕು, ‘ರ್ಯಾಂಕ್’ ಬರುತ್ತದೆ, ‘ಸಾಫ್ಟ್‌ವೇರ್’ ಅಂಟಿಕೊಳ್ಳುತ್ತದೆ

ಇಲ್ಲಿ ಕಣ್ಣಿಗೆ ಕಾಣದ ಎರಡು ಸಂಕೇತಗಳ ಕೆಲಸವಿದೆ. ರಕಾರ, ಹಲಂತ, ಯಕಾರ ಸಾಲಾಗಿ ಬಂದರೆ ನಿಯಮದಂತೆ ಅರ್ಕಾವತ್ತೇ ಆಗಬೇಕು, ‘ಸೂರ್ಯ’ಕ್ಕೆ ಅದು ಸರಿ. ರಕಾರ ಪೂರ್ತಿಯಾಗಿ ನಿಂತು ಯಕಾರ ಒತ್ತಾಗಬೇಕಾದರೆ ರಕಾರದ ನಂತರ, ಹಲಂತಕ್ಕೆ ಮೊದಲು, ‘ಜಾಯ್ನರ್’ ಬೇಕು. ಅದರ ಸಂಖ್ಯೆ 200ಡಿ. ‘ಸಾಫ್ಟ್‌ವೇರ್’ನಲ್ಲಿ ಟಕಾರದ ಹಲಂತದ ನಂತರ ‘ನಾನ್-ಜಾಯ್ನರ್’, ಅಂದರೆ 200ಸಿ. ವರ್ಡ್‌ನಲ್ಲಿ ಬೇಕಾದ ಜಾಗದಲ್ಲಿ ಈ ನಾಲ್ಕು ಅಕ್ಷರಗಳನ್ನು ಇಂಗ್ಲಿಷಿನಲ್ಲಿ ಹೊಡೆದು ಆಲ್ಟ್-ಎಕ್ಸ್ ಒತ್ತಿದರೆ ಸಂಕೇತ ಕೂರುತ್ತದೆ.

ಈ ಸಂಕೇತ ಇದ್ದೂ ಆ ಜಾಗದಲ್ಲಿ ಡಬ್ಬಿ ಕಂಡರೆ ತಪ್ಪು ಫಾಂಟಿನದು: ಮಾಡಿದವರು ಆ ಎರಡಕ್ಕೆ ಖಾಲಿ ಅಕ್ಷರ ಸೇರಿಸುವುದನ್ನು ಮರೆತಿದ್ದಾರೆ. ಚುಕ್ಕಿ ಚುಕ್ಕಿಯ ವೃತ್ತ ಕಂಡರೆ ಮೊದಲು ಟೈಪಿಂಗ್ ಶಂಕಿಸಿ. ಒಂದೇ ವ್ಯಂಜನಕ್ಕೆ ಎರಡು ಕೊಂಬು ಬಿದ್ದಿರುತ್ತದೆ, ಇಲ್ಲವೇ ಖಾಲಿ ಜಾಗದ ಮೇಲೆ ಗುಡಿಸು ಕೂತಿರುತ್ತದೆ. ಅಳಿಸಿ ಹೊಸದಾಗಿ ಟೈಪಿಸಿ.

ಲಕ್ಷಣ: ಒತ್ತಿನ ಬಾಲ ಅಥವಾ ಗುಡಿಸಿನ ತಲೆ ಕತ್ತರಿಸಿ ಹೋಗಿದೆ

ಕೈಬರಹದ ಫಾಂಟುಗಳಲ್ಲಿ ಬಾಲ ಉದ್ದ, ಅದೇ ಅವುಗಳ ಚೆಂದ. ‘ರಾಷ್ಟ್ರ’ದ ಕೆಳಭಾಗ ಹಾರಿಹೋಗಿದ್ದರೆ ಸಾಲಿನ ಅಂತರ ಹೆಚ್ಚಿಸಿ. 24 ಪಾಯಿಂಟ್ ಅಕ್ಷರಕ್ಕೆ 34ರಿಂದ 38 ಪಾಯಿಂಟ್ ಬೇಕು. ಇಂಗ್ಲಿಷಿಗೆ ಸಾಕಾಗುವ 29 ಇಲ್ಲಿ ಸಾಲದು. ವರ್ಡ್‌ನಲ್ಲಿ ಸಾಲಿನ ಅಂತರ ‘ಎಕ್ಸಾಕ್ಟ್‌ಲಿ’ ಎಂದಿದ್ದರೆ ಕತ್ತರಿಸುವುದು ಅದೇ, ‘ಮಲ್ಟಿಪಲ್’ಗೆ ಬದಲಿಸಿ.

ಅಂತರ ಕೊಟ್ಟರೂ ಪರದೆಯಲ್ಲಿ ಕತ್ತರಿಸಿದ್ದು ಮುದ್ರಣದಲ್ಲಿ ಸರಿ ಬಂದರೆ, ಫಾಂಟಿನ ಒಳಗೆ ಬರೆದಿಟ್ಟ ಎತ್ತರ-ಆಳದ ಅಳತೆ ತಪ್ಪಿದೆ. ಅಕ್ಷರ ಬರೆಯುವ 1000 ಅಳತೆಯ ಚೌಕದಲ್ಲಿ ಒತ್ತು 500ರವರೆಗೆ ಇಳಿದಿದ್ದು, ‘ವಿನ್ ಡಿಸೆಂಟ್’ ಎಂಬಲ್ಲಿ 300 ಎಂದಿದ್ದರೆ ವಿಂಡೋಸ್ ಕೆಳಗಿನ 200ನ್ನು ತೋರಿಸದೆ ಬಿಡಬಹುದು. ಬಳಕೆದಾರರು ಮಾಡಬಹುದಾದದ್ದು ಪದವನ್ನು ಔಟ್‌ಲೈನ್, ಅಂದರೆ ಬರೀ ಆಕೃತಿ ಮಾಡಿಕೊಳ್ಳುವುದಷ್ಟೇ. ಸರಿಪಡಿಸಬೇಕಾದವರು ಫಾಂಟ್ ಮಾಡಿದವರು.

ಲಕ್ಷಣ: ಬೋಲ್ಡ್ ಮಾಡಿದರೆ ಅಕ್ಷರ ಊದಿಕೊಂಡು ಓದಲಾಗದು

ಅಕಾಯ ಕನಡಕಕ್ಕೆ ಇರುವುದು ಒಂದೇ ತೂಕ. ‘ಬಿ’ ಗುಂಡಿ ಒತ್ತಿದಾಗ ಬರುವುದು ನಿಜವಾದ ಬೋಲ್ಡ್ ಅಲ್ಲ, ತಂತ್ರಾಂಶ ಅಂಚಿಗೆ ಗೆರೆ ಸೇರಿಸಿ ದಪ್ಪ ಮಾಡಿದ್ದು. ಕನ್ನಡಕ್ಕೆ ಇದು ಬಹಳ ಅಪಾಯ. ‘ಥ’ ಮತ್ತು ‘ಧ’ ನಡುವೆ ಇರುವ ವ್ಯತ್ಯಾಸ ಹೊಟ್ಟೆಯೊಳಗಿನ ಒಂದು ಚುಕ್ಕಿ. ‘ಪ’ ಮತ್ತು ‘ಷ’ ಬೇರೆಯಾಗುವುದು ಒಳಗಿನ ಒಂದು ಗೆರೆಯಿಂದ. ಹೊಟ್ಟೆ ಮುಚ್ಚಿದರೆ ಪದವೇ ಬದಲಾಗುತ್ತದೆ. ಬೋಲ್ಡ್ ತೆಗೆದು ಗಾತ್ರ ಹೆಚ್ಚಿಸಿ, ಬಣ್ಣ ಗಾಢ ಮಾಡಿ. ದಪ್ಪ ಬೇಕೇ ಬೇಕೆಂದರೆ ಬಲೂ ತಮ್ಮ 2 ಬಳಸಿ, ಅದರಲ್ಲಿ ರೆಗ್ಯುಲರ್‌ನಿಂದ ಎಕ್ಸ್‌ಟ್ರಾಬೋಲ್ಡ್‌ವರೆಗೆ ಐದು ತೂಕಗಳನ್ನು ಪ್ರತ್ಯೇಕವಾಗಿ ಬರೆದಿದ್ದಾರೆ.

ಜಾಲತಾಣದಲ್ಲಿ ಯಾರೂ ಬೋಲ್ಡ್ ಮಾಡದೆಯೇ ಶೀರ್ಷಿಕೆ ಊದಿಕೊಳ್ಳುವುದುಂಟು. ಬ್ರೌಸರು ಶೀರ್ಷಿಕೆಯ ಟ್ಯಾಗಿಗೆ ತಾನಾಗಿ ಬೋಲ್ಡ್ ಹಚ್ಚುತ್ತದೆ. ಸಿಎಸ್‌ಎಸ್‌ನಲ್ಲಿ ಫಾಂಟ್-ವೇಟ್ 400 ಎಂದು ಬರೆದರೆ ಇಳಿಯುತ್ತದೆ.

ಬೋಲ್ಡ್ ಇಲ್ಲದಿದ್ದರೂ 14 ಪಾಯಿಂಟಿಗಿಂತ ಚಿಕ್ಕದಾಗಿ ಈ ಫಾಂಟುಗಳನ್ನು ಇಡಬೇಡಿ. ಔಷಧಿ ಪ್ರಮಾಣ, ಬೆಲೆ, ಕೊನೆಯ ದಿನಾಂಕ, ಫೋನ್ ನಂಬರು ಇಂಥವನ್ನು ಸಾದಾ ಫಾಂಟಿನಲ್ಲೇ ಕೊಡಿ. ಆಟದ ಅಕ್ಷರದ ಜಾಗ ಶೀರ್ಷಿಕೆ.

ಲಕ್ಷಣ: ಸ್ಟಿಕರ್ ಕತ್ತರಿಸಿದಾಗ ಅಕ್ಷರದ ಮಧ್ಯೆ ಸೀಳು

ಪರದೆಯಲ್ಲಿ ಚೆನ್ನಾಗಿದ್ದ ಪದ ವೈನಲ್ ಕಟ್ಟರ್‌ಗೆ ಹೋದಾಗ ತುಂಡುತುಂಡಾಗುತ್ತದೆ. ತಲೆಕಟ್ಟು ಒಂದು ಆಕೃತಿ, ಕೆಳಗಿನ ಭಾಗ ಇನ್ನೊಂದು. ಅವು ಒಂದರ ಮೇಲೊಂದು ಏರಿ ಕೂತಿರುತ್ತವೆ. ಮುದ್ರಣಕ್ಕೆ ಅದು ಕಾಣುವುದಿಲ್ಲ, ಬ್ಲೇಡು ಮಾತ್ರ ಪ್ರತಿ ಅಂಚನ್ನೂ ಕತ್ತರಿಸುತ್ತದೆ.

ಪದವನ್ನು ಕರ್ವ್ಸ್ (ಆಕೃತಿ) ಮಾಡಿ, ಕೋರೆಲ್‌ನಲ್ಲಿ ಕಂಟ್ರೋಲ್-ಕ್ಯೂ. ಎಲ್ಲ ಆರಿಸಿ, ಅವನ್ನು ಒಂದೇ ಆಕೃತಿಯಾಗಿ ಬೆಸೆಯುವ ‘ವೆಲ್ಡ್’ ಕೊಡಿ. ವೈರ್‌ಫ್ರೇಮ್ ನೋಟಕ್ಕೆ ಹೋಗಿ ಅಕ್ಷರದೊಳಗೆ ಅಡ್ಡ ಹಾಯುವ ಗೆರೆ ಉಳಿದಿಲ್ಲವೆಂದು ಖಚಿತಪಡಿಸಿಕೊಳ್ಳಿ. ‘ಬ್ರೇಕ್ ಅಪಾರ್ಟ್’ ಒತ್ತಬೇಡಿ, ಅಕ್ಷರಗಳ ಹೊಟ್ಟೆಯೆಲ್ಲ ತುಂಬಿ ಹೋಗುತ್ತದೆ. ಕರ್ವ್ಸ್ ಆದಮೇಲೆ ಕಾಗುಣಿತ ತಿದ್ದಲಾಗದು, ಆದ್ದರಿಂದ ಟೈಪ್ ಇರುವ ಪ್ರತಿ ಬೇರೆ ಹೆಸರಿನಲ್ಲಿ ಇರಲಿ. ಮೊದಲು ವೈನಲ್‌ನ ಮೂಲೆಯಲ್ಲಿ ‘ಥ’ ಒಂದನ್ನೇ ಕತ್ತರಿಸಿ ನೋಡಿ. ಅದರ ಚುಕ್ಕಿ ಎದ್ದು ಬಂದರೆ ಗಾತ್ರ ಹೆಚ್ಚಿಸಬೇಕು. ಬ್ಲೇಡಿನ ಗಾಡಿ ಓಡುತ್ತಿರುವಾಗ ಸಿಕ್ಕಿಕೊಂಡ ತುಂಡನ್ನು ಬೆರಳಿನಿಂದ ತೆಗೆಯಬೇಡಿ, ಯಂತ್ರ ನಿಲ್ಲಿಸಿ ಚಿಮಟ ಬಳಸಿ.

ಗೆರೆಗಳು ಕೂಡುವಲ್ಲಿ ಪರದೆಯ ಮೇಲೇ ಬಿಳಿ ತೂತು ಕಂಡರೆ ಅದು ಬೇರೆ ದೋಷ: ಆಕೃತಿಗಳ ದಿಕ್ಕು ಹಿಂದುಮುಂದಾಗಿದೆ. ಅದರ ಮದ್ದು ಮುಂದಿನ ಭಾಗದಲ್ಲಿದೆ.

ಲಕ್ಷಣ: ನೀವೇ ಬರೆದು ಮಾಡಿದ ಫಾಂಟ್ ಕನ್ನಡದಂತೆ ಕೂಡಿಕೊಳ್ಳುತ್ತಿಲ್ಲ

ಕಾಗದದ ಮೇಲೆ ಬರೆದು, ಸ್ಕ್ಯಾನ್ ಮಾಡಿ, ತಾನಾಗಿ ಫಾಂಟ್ ಕಟ್ಟುವ ಸಾಧನಗಳನ್ನು ಇಂಗ್ಲಿಷಿನ 26 ಅಕ್ಷರಕ್ಕೆಂದು ಮಾಡಿರುತ್ತಾರೆ. ಕನ್ನಡಕ್ಕೆ ವರ್ಣಮಾಲೆಯ 49 ಬರೆದರೆ ಆಗದು. 34 ವ್ಯಂಜನಗಳಿಗೆ ತಲೆಕಟ್ಟಿನದು, ಗುಡಿಸಿನದು, ಏತ್ವದ್ದು, ಹಲಂತದ್ದು, ಒತ್ತು ಎಂದು ಐದೈದು ರೂಪ ಹಿಡಿದರೂ 170 ಆಯಿತು. ಇಳಿ, ಕೊಂಬು, ವಟ್ರಸುಳಿ, ದೀರ್ಘ, ಅರ್ಕಾವತ್ತು, ಕ್ಷ, ಜ್ಞ, ಅಂಕಿಗಳು ಇದರ ಮೇಲೆ.

ಫಾಂಟನ್ನು ತಿದ್ದುವ ತಂತ್ರಾಂಶವಾದ ಫಾಂಟ್‌ಫೋರ್ಜ್‌ನಲ್ಲಿ ತೆರೆದು ಈ ಕ್ರಮದಲ್ಲಿ ಪರೀಕ್ಷಿಸಿ. ಮೊದಲು ಆಕೃತಿ: ‘ಕರೆಕ್ಟ್ ಡೈರೆಕ್ಷನ್’, ನಂತರ ‘ರಿಮೂವ್ ಓವರ್‌ಲ್ಯಾಪ್’. ಬಿಳಿ ತೂತುಗಳು ಇದರಿಂದಲೇ ಹೋಗುತ್ತವೆ. ಒಂದು ‘ಕ’ಕ್ಕೆ ಇನ್ನೂರು ಬಿಂದುಗಳಿದ್ದರೆ ಸ್ಕ್ಯಾನಿನ ಒರಟು ಉಳಿದಿದೆ. ‘ಸಿಂಪ್ಲಿಫೈ’ ಮಾಡಿ ಮೂವತ್ತು ನಲವತ್ತಕ್ಕೆ ಇಳಿಸಿ, ಆದರೆ ಕೈಯ ನಡುಕ ಪೂರ್ತಿ ಅಳಿಸುವಷ್ಟು ಬೇಡ, ಆ ನಡುಕಕ್ಕಾಗಿಯೇ ಅಲ್ಲವೇ ಇಷ್ಟು ಶ್ರಮ. ಮುಂದಿನ ಸಲ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ ಈ ಕೆಲಸ ಅರ್ಧ ತಗ್ಗುತ್ತದೆ.

ಆಮೇಲೆ ನಿಯಮಗಳು. ಯಾವ ಅಕ್ಷರದ ಬದಲು ಯಾವ ರೂಪ ಬರಬೇಕೆಂದು ಹೇಳುವ ಜಿಸಬ್ ಕೋಷ್ಟಕದಲ್ಲಿ ಕನ್ನಡದ ಹೊಸ ಗುರುತು ‘ಕೆಎನ್‌ಡಿ2’ ಇದೆಯೇ ನೋಡಿ. ಅದರಡಿ ಕ್ಷ, ಜ್ಞಗಳಿಗೆ ಅಖಂಡ ನಿಯಮ, ಅರ್ಕಾವತ್ತಿಗೆ ರೇಫ ನಿಯಮ, ಒತ್ತುಗಳಿಗೆ ಕೆಳರೂಪದ ನಿಯಮ ಬೇಕು. ಕ್ಷ ಮಾತ್ರ ಒಡೆದರೆ ಮೊದಲನೆಯದು ತಪ್ಪಿದೆ, ‘ಸೂರ್ಯ’ ಮಾತ್ರ ಕೆಟ್ಟರೆ ಎರಡನೆಯದು, ಎಲ್ಲ ಒತ್ತೂ ಹೋಗಿದ್ದರೆ ಮೂರನೆಯದು ಇಲ್ಲವೇ ಗುರುತೇ ಇಲ್ಲ.

ಜಾಲತಾಣಕ್ಕೆಂದು ಕಡತ ಚಿಕ್ಕದು ಮಾಡಿದ ಮೇಲೆ ಒತ್ತು ಒಡೆದಿದ್ದರೆ ಕಾರಣ ಹುಡುಕಬೇಕಾಗಿಲ್ಲ: ಚಿಕ್ಕದು ಮಾಡುವ ಸಾಧನ ಜಿಸಬ್ ಕೋಷ್ಟಕವನ್ನೇ ಕಿತ್ತಿದೆ. 0ಸಿ80ರಿಂದ 0ಸಿಎಫ್‌ಎಫ್‌ವರೆಗಿನ ಕನ್ನಡ ವಲಯದ ಜೊತೆ 200ಸಿ, 200ಡಿ ಉಳಿಸಿಕೊಂಡು, ಲೇಔಟ್ ನಿಯಮಗಳನ್ನೆಲ್ಲ ಉಳಿಸುವ ಆಯ್ಕೆ ಕೊಟ್ಟು ಮತ್ತೆ ಮಾಡಿ.

ಎಲ್ಲಿ ನಿಲ್ಲಿಸಬೇಕು

ಬ್ರೌಸರಿನಲ್ಲೂ, ಇಂಕ್‌ಸ್ಕೇಪ್‌ನಲ್ಲೂ ಅದೇ ಪದ ಕೆಟ್ಟು ಕಂಡು, ನೋಟೊದಲ್ಲಿ ಸರಿ ಬಂದರೆ ಸೆಟ್ಟಿಂಗ್ ತಡಕಾಡುವುದನ್ನು ನಿಲ್ಲಿಸಿ. ಫಾಂಟ್ ಮಾಡಿದವರಿಗೆ ಬರೆಯಿರಿ: ಕೆಟ್ಟ ಪದ ಪಠ್ಯವಾಗಿ, ಅದರ ಚಿತ್ರ, ಹೇಗೆ ಕಾಣಬೇಕೆಂಬುದಕ್ಕೆ ನೋಟೊದ ಚಿತ್ರ, ತಂತ್ರಾಂಶ ಮತ್ತು ಫಾಂಟಿನ ಆವೃತ್ತಿ ಸಂಖ್ಯೆ. ‘ಒತ್ತು ಬರುತ್ತಿಲ್ಲ’ ಎಂದಷ್ಟೇ ಬರೆದರೆ ಅವರಿಗೆ ಏನೂ ತಿಳಿಯುವುದಿಲ್ಲ.

ಬೇರೆಯವರ ಫಾಂಟನ್ನು ತೆರೆದು ತಿದ್ದುವ ಮೊದಲು ಪರವಾನಗಿ ಓದಿ. ಅಕಾಯ, ಬಲೂ, ನೋಟೊ ಮೂರೂ ಓಪನ್ ಫಾಂಟ್ ಲೈಸೆನ್ಸ್‌ನಡಿ ಇವೆ: ಲೇಬಲ್ಲು, ಪುಸ್ತಕ, ಬ್ಯಾನರಿಗೆ ಹಣ ಪಡೆದೂ ಬಳಸಬಹುದು, ತಿದ್ದಬಹುದು, ಫಾಂಟ್ ಒಂದನ್ನೇ ಮಾರುವಂತಿಲ್ಲ, ತಿದ್ದಿದ್ದನ್ನು ಹಂಚಿದರೆ ಅದೇ ಪರವಾನಗಿಯಲ್ಲಿ ಹಂಚಬೇಕು. ‘ಸ್ವಂತ ಬಳಕೆಗೆ ಮಾತ್ರ’ ಎಂದಿರುವ ಫಾಂಟನ್ನು ಅಂಗಡಿ ಬೋರ್ಡಿಗೆ ಹಾಕಬೇಡಿ, ಒಂದು ಪತ್ರ ಬರೆದು ಕೇಳಿ.

ಮುದ್ರಣಕ್ಕೆ ಕಳಿಸುವ ಕಡತದಲ್ಲಿ ಪಠ್ಯವನ್ನು ಔಟ್‌ಲೈನ್ ಮಾಡಿ, ಇಲಸ್ಟ್ರೇಟರ್‌ನಲ್ಲಿ ಕಂಟ್ರೋಲ್-ಶಿಫ್ಟ್-ಓ. ಆ ಪಿಡಿಎಫ್ ಅನ್ನು ಫಾಂಟ್ ಹಾಕಿರದ ಬೇರೆ ಕಂಪ್ಯೂಟರ್ ಅಥವಾ ಫೋನಿನಲ್ಲಿ ತೆರೆದು, ಪರೀಕ್ಷೆಯ ಸಾಲನ್ನು ಓದಿದಷ್ಟೇ ನಿಧಾನವಾಗಿ ಪ್ರತಿ ಒತ್ತನ್ನೂ ಓದಿ. ಪ್ಲೇಟ್ ಆಗುವ ಮೊದಲು ಸಿಕ್ಕ ತಪ್ಪಿಗೆ ಖರ್ಚಿಲ್ಲ.